ಫೋಟೋ ಬ್ಯಾಡ, ಹೆಸರು ಇರಲಿ

ನಮ್ಮ ಮನೆತನದಲ್ಲಿ ಮೊದಲು ಡಿಗ್ರಿ ಮುಗಿಸಿದವಳು ನಾನು. ಇದನ್ನು ಮೆಲ್ಲಗೆ ಹೇಳಿ ನನಗೆ ರೂಢಿಯಿಲ್ಲ. ಸುರಪುರದ ಕಾಲೇಜಿಗೆ ಬಸ್ಸಿನಲ್ಲಿ ನಿಂತುಕೊಂಡೇ ಹೋಗಿ ಓದಿದವಳು. ಈಗ ಶಹಾಪುರದ ಕಡೆಯ ಶಾಲೆಗಳಿಗೆ ಹೋಗಿ, ಮಕ್ಕಳ ಪ್ರಾಜೆಕ್ಟುಗಳನ್ನು ಶಾಲೆಯ ವೆಬ್‌ಸೈಟಿಗೆ ಹಾಕುವುದನ್ನು ಶಿಕ್ಷಕರಿಗೆ ಕಲಿಸುತ್ತೇನೆ.

ಗೋಗಿ ಹತ್ತಿರದ ಒಂದು ಶಾಲೆ. ಎಂಟನೇ ತರಗತಿಯ ಹುಡುಗಿಯೊಬ್ಬಳು ಕುರಿ ತಿನ್ನುವ ಗಿಡ, ತಿನ್ನದ ಗಿಡ ಎಂದು ಎಲೆಗಳನ್ನು ಒಣಗಿಸಿ ಹಾಳೆಗೆ ಅಂಟಿಸಿದ್ದಳು. ಯಾವುದನ್ನು ತಿಂದರೆ ಕುರಿಯ ಹೊಟ್ಟೆ ಉಬ್ಬುತ್ತದೆ ಎಂದೂ ಬರೆದಿದ್ದಳು. ಅಷ್ಟು ಚೆಂದದ ಕೆಲಸ ಆ ತರಗತಿಯಲ್ಲಿ ಇನ್ನೊಂದಿರಲಿಲ್ಲ.

ಪ್ರತಿ ಮಗು ತನ್ನ ಪ್ರಾಜೆಕ್ಟು ಹಿಡಿದು ನಿಂತ ಫೋಟೋ ಹಾಕುವುದೆಂದು ಆ ತರಗತಿಯ ಟೀಚರೂ ನಾನೂ ಮಾತಾಡಿಕೊಂಡಿದ್ದೆವು. ಈ ಹುಡುಗಿಯ ಅಪ್ಪ ಕುರಿ ಸಾಕುವವರು, ಅವರು ಒಪ್ಪಲಿಲ್ಲ. ಹೆಣ್ಣುಮಗಳ ಫೋಟೋ ನೆಟ್ಟಿಗೆ ಬಿದ್ದರೆ ಯಾರ ಕೈಗೆ ಹೋಗುತ್ತದೋ ಎಂಬುದು ಅವರ ಹೆದರಿಕೆ. ಜಗಳ ಯಾಕೆ, ಇದೊಂದನ್ನು ಬಿಟ್ಟುಬಿಡೋಣ ಎಂದರು ಟೀಚರ್. ಹುಡುಗಿ ಹಾಳೆಗಳನ್ನು ಜೋಡಿಸಿ ಚೀಲಕ್ಕೆ ಹಾಕಿಕೊಂಡಳು. ನನಗೆ ತಡೆಯಲಾಗಲಿಲ್ಲ. ಹಾಳೆಗಳನ್ನು ಮತ್ತೆ ಹೊರಗೆ ತೆಗೆಸಿ, ಎಲೆಗಳ ಫೋಟೋ ಅಷ್ಟೇ ತೆಗೆದು ಪುಟ ಸಿದ್ಧ ಮಾಡಿದೆ. ಹೆಸರಿಗೂ ತಕರಾರು ಬಂದೀತೆಂದು ಟೀಚರ್ ಅದನ್ನೂ ತೆಗೆಸಿದರು.

ಸಂಜೆ ಪುಟ ತೋರಿಸಿ ಒಪ್ಪಿಗೆ ಕೇಳಲು ಹುಡುಗಿ, ಟೀಚರ್, ನಾನು ಮೂವರೂ ಅವಳ ಮನೆಗೆ ಹೋದೆವು. ಅಪ್ಪ ಆಗತಾನೆ ಕುರಿಗಳನ್ನು ದೊಡ್ಡಿಗೆ ಕೂಡುತ್ತಿದ್ದರು. ನನ್ನ ಫೋನಿನಲ್ಲಿ ಒಂದೊಂದೇ ಎಲೆ ನೋಡುತ್ತ, ಅದರ ಗಿಡ ಯಾರ ಹೊಲದ ಬದುವಿನದೆಂದು ಮಗಳನ್ನು ಕೇಳಿದರು. ಆಮೇಲೆ ತಲೆಯೆತ್ತಿದರು.

“ಇದರಾಗ ನನ್ನ ಮಗಳ ಹೆಸರು ಎಲ್ಲದ?”

“ನೀವೇ ಬ್ಯಾಡ ಅಂದ್ರಲ್ರೀ,” ಎಂದರು ಟೀಚರ್.

“ಫೋಟೋ ಬ್ಯಾಡ ಅಂದೀನ್ರಿ ಅಕ್ಕೋರ, ಹೆಸರು ಬ್ಯಾಡ ಅಂದಿಲ್ಲ. ಕುರಿಗೇ ಗುರುತು ಮಾಡಿ ಬಿಡ್ತೀವಿ ನಾವು. ಇಷ್ಟೆಲ್ಲಾ ಮಾಡ್ಯಾಳ, ಯಾರ ಮಗಳಂತ ತಿಳಿಬ್ಯಾಡೇನು?”

ನನ್ನ ಡಿಗ್ರಿ ಸರ್ಟಿಫಿಕೇಟ್ ಮನೆಗೆ ಬಂದ ದಿನ, ಓದಲು ಬಾರದ ನನ್ನಪ್ಪನೂ ಮೊದಲು ಕೇಳಿದ್ದು ಹೆಸರು ಎಲ್ಲಿದೆ ಎಂದೇ. ನಾನು ಅಲ್ಲೇ ಕುಳಿತು ಹುಡುಗಿಯ ಹೆಸರನ್ನು ಟೈಪು ಮಾಡಿದೆ, ಜೊತೆಗೆ ಅವಳ ಅಪ್ಪನದು, ಊರಿನದು. ಇದೇ ಎಂದು ತೋರಿಸಿದೆ. ಅವರು ದಪ್ಪ ಬೆರಳಿಟ್ಟು ಒತ್ತಿದರು. ಪುಟ ಸರ್ರನೆ ಮೇಲೆ ಸರಿದು ಹೆಸರು ಮಾಯವಾಯಿತು.

“ಓಡಿ ಹೋತಲ್ಲ ತಂಗಿ,” ಎಂದರು ಗಾಬರಿಯಿಂದ.

ಹುಡುಗಿ ನಕ್ಕುಬಿಟ್ಟಳು. ಫೋನು ಇಸಿದುಕೊಂಡು ಪುಟವನ್ನು ಕೆಳಗೆಳೆದು ಹೆಸರನ್ನು ಮತ್ತೆ ತಂದಳು. ‘ಪ್ರಕಟಿಸಿ’ ಎಂಬ ಗುಂಡಿಯನ್ನು ನಾನು ಒತ್ತಲಿಲ್ಲ, ಟೀಚರೂ ಒತ್ತಲಿಲ್ಲ. ಅವಳೇ ಒತ್ತಿದಳು. ಅಪ್ಪ ಕೈ ಹಿಂದೆ ಕಟ್ಟಿಕೊಂಡು, ಇನ್ನೆಲ್ಲಿ ಓಡಿಹೋಗುತ್ತದೋ ಎಂಬಂತೆ ಆ ಹೆಸರನ್ನೇ ಕಾಯುತ್ತ ನಿಂತಿದ್ದರು.