ಎಂಟು ಮೂಲೆಯ ಚಾವಣಿ, ನಡುವೆ ಒಂದು ಕಂಬ

ಅರವತ್ತರ ದಶಕದ ಮೊದಲಲ್ಲಿ ಇಂಜಿನಿಯರಾಗಿ ನಾನು ಸ್ವಂತ ಜವಾಬ್ದಾರಿಯಲ್ಲಿ ಕೈಹಾಕಿದ ಮೊದಲ ಕೆಲಸ, ಮದ್ರಾಸಿನ ಟಿ. ನಗರದ ಒಂದು ಉಡುಪಿ ಹೋಟೆಲಿನ ಊಟದ ಕೋಣೆ. ಮಾಲೀಕರಿಗೆ ಎಂಟು ಮೂಲೆಯ ಕೋಣೆಯೇ ಬೇಕು. ಒಳಗೆ ಕೂತವರಿಗೆ ಚಾವಣಿಯ ನೆತ್ತಿಯವರೆಗೂ ಕಾಣಬೇಕು, ಅಡ್ಡತೊಲೆ ಕೂಡದು, ನಡುವೆ ಕಂಬವಂತೂ ಬೇಡವೇ ಬೇಡ. ಊರಿನ ಸೆಕೆಯೆಲ್ಲ ಮೇಲೇರಿ ಹೋಗಲಿ ಎಂಬುದು ಅವರ ವಾದ. ಹುಮ್ಮಸ್ಸಿನಲ್ಲಿ ಹೂಂ ಎಂದುಬಿಟ್ಟೆ.

ಎಂಟು ಮೂಲೆಗಳಿಂದ ಎದ್ದ ಎಂಟು ತೊಲೆಗಳು ನೆತ್ತಿಯಲ್ಲಿ ಒಂದು ದುಂಡನೆಯ ತೇಗದ ದಿಮ್ಮಿಗೆ ಬಂದು ಸೇರುತ್ತಿದ್ದವು. ಇಳಿಜಾರು ತೊಲೆಗಳು ಗೋಡೆಯನ್ನು ಹೊರಕ್ಕೆ ನೂಕದೆ ಬಿಡುವುದಿಲ್ಲ. ಅದಕ್ಕೇ ಪೀಪಾಯಿಗೆ ಬಳೆ ತೊಡಿಸಿದ ಹಾಗೆ ಗೋಡೆಗಳ ತಲೆಯ ಸುತ್ತ ಕಬ್ಬಿಣದ ಪಟ್ಟಿ ಬಿಗಿಸಿದ್ದೆ. ಲೆಕ್ಕ ಸರಿಯಾಗಿಯೇ ಇತ್ತು, ಎದೆ ಮಾತ್ರ ಒಪ್ಪಲಿಲ್ಲ. ಕೆಲಸ ನಡೆಯುವಾಗ ನೆತ್ತಿಗೆ ಆಸರೆಯಾಗಿ ನಿಲ್ಲಿಸಿದ್ದ ಕಂಬವನ್ನು ತೆಗೆಸದೆ, ಇವತ್ತು ನಾಳೆ ಎಂದು ಮುಂದೂಡುತ್ತಲೇ ಹೋದೆ. ಹಂಚು, ತೊಲೆಯೆಲ್ಲ ಉಣ್ಣುವವರ ತಲೆಯ ಮೇಲೆ ಬಿದ್ದರೆ?

ಅಷ್ಟರಲ್ಲಿ ಹೋಟೆಲಿನವರು ಆ ಕಂಬಕ್ಕೆ ಕೃಷ್ಣನ ಪಟ ತೂಗುಹಾಕಿ, ದಿನಾ ಹೂ ಮುಡಿಸಿ ಆರತಿ ಎತ್ತತೊಡಗಿದ್ದರು. ಖಾಲಿ ಕಂಬ ಕಂಡರೆ ಸುಮ್ಮನಿರುವ ಜನವಲ್ಲ ಅದು. ಕಂಬ ಬೇಡವೆಂದಿದ್ದ ಮಾಲೀಕರೇ ಅದಕ್ಕೆ ಕೈಮುಗಿಯುತ್ತಿದ್ದರು. ನನಗೆ ಒಳಗೊಳಗೇ ಖುಷಿ. ದೇವರಿರುವ ಕಂಬವನ್ನು ಕೀಳು ಎಂದು ಯಾರು ಹೇಳುತ್ತಾರೆ?

ಕೋಣೆ ತೆರೆಯುವ ದಿನ ಬೆಳಿಗ್ಗೆ, ಮಾಲೀಕರ ಹೆಂಡತಿ ಪಟಕ್ಕೆ ಹಾರ ಹಾಕಲು ಹೋಗಿ ಕಂಬವನ್ನು ಹಿಡಿದುಕೊಂಡರು.

"ಅಯ್ಯಯ್ಯೋ, ಎಂತ ಮಾರಾಯ್ರೆ ಇದು, ಕಂಬ ಅಲ್ಲಾಡ್ತದಲ್ಲ!"

ಓಡಿ ಬಂದೆ. ಏಣಿ ಹತ್ತಿ ನೋಡಿದೆ. ಕಂಬದ ತಲೆಗೂ ತೇಗದ ದಿಮ್ಮಿಗೂ ನಡುವೆ ನನ್ನ ಹೆಬ್ಬೆರಳು ಸಲೀಸಾಗಿ ತೂರಿತು. ಮಡಿಯ ಜನ, ಪೂಜೆಗೆ ಮೊದಲು ಕಂಬದ ಬುಡಕ್ಕೆ ಕೊಡಗಟ್ಟಲೆ ನೀರು ಸುರಿದು ತೊಳೆಯುತ್ತಿದ್ದರು. ಕಂಬ ನಿಂತಷ್ಟು ಜಾಗಕ್ಕೆ ಮಾತ್ರ ಗಾರೆ ಬಿದ್ದಿರಲಿಲ್ಲ. ಅಲ್ಲಿಯ ಮಣ್ಣು ನೆನೆದು ತಗ್ಗಿ ಕಂಬ ಕುಸಿದಿತ್ತು. ಚಾವಣಿ ಮಾತ್ರ ಕೂದಲೆಳೆಯಷ್ಟೂ ಇಳಿದಿರಲಿಲ್ಲ. ಯಾವಾಗಿನಿಂದಲೋ ಅದು ತನ್ನ ಭಾರವನ್ನು ತಾನೇ ಹೊತ್ತು ನಿಂತಿತ್ತು.

"ನಿಂತಿದೆ! ತಾನಾಗೇ ನಿಂತಿದೆ!" ಎಂದು ಏಣಿಯ ಮೇಲಿಂದಲೇ ಕೂಗಿದೆ. ಕಣ್ಣಲ್ಲಿ ನೀರು ಬಂದಿತ್ತು.

ಮಾಲೀಕರು ನನ್ನನ್ನೇ ನೋಡಿದರು. "ನಿಂತದ್ದಕ್ಕೆ ಇಷ್ಟು ಬೊಬ್ಬೆ ಯಾಕೆ? ಕಟ್ಟಿದ್ದು ನೀವೇ ಅಲ್ವಾ? ಇಳೀರಿ, ಕೃಷ್ಣನನ್ನು ಗೋಡೆಗೆ ಕೂರಿಸುವ."

ಕಂಬ ಕಿತ್ತ ಜಾಗದಲ್ಲೇ ನನಗೆ ಎಲೆ ಹಾಕಿರೆಂದು ಹಠ ಹಿಡಿದೆ. ಏನೇನು ಬಡಿಸಿದರೋ ನೆನಪಿಲ್ಲ. ತುತ್ತಿಗೊಮ್ಮೆ ತಲೆಯೆತ್ತಿ ಮೇಲೆ ನೋಡುತ್ತ, ಹೊಟ್ಟೆ ತುಂಬ ಉಂಡೆ.