ಕಾಶಿಯಲ್ಲಿ ಬಿಡಲೊಂದು ಹಣ್ಣು

ಎಪ್ಪತ್ತರ ದಶಕದ ಕೊನೆಯಲ್ಲಿ ನಮ್ಮತ್ತೆಗೆ ಕಾಶಿಯ ಯೋಗ ಕೂಡಿಬಂತು. ಬೀರೂರಿನಲ್ಲಿ ರೈಲ್ವೆ ಕೆಲಸದಲ್ಲಿದ್ದ ನನ್ನ ಮೈದುನ, ಸಂಕ್ರಾಂತಿ ಕಳೆದ ಮೇಲೆ ಅತ್ತೆಯನ್ನೂ ನನ್ನನ್ನೂ ಕರೆದೊಯ್ಯುವುದಾಗಿ ಹೇಳಿದ. ಅಂದಿನಿಂದ ಅತ್ತೆಗೆ ಒಂದೇ ಚಿಂತೆ. ಕಾಶಿಗೆ ಹೋದವರು ಗಂಗೆಯಲ್ಲಿ ನಿಂತು ಒಂದು ಹಣ್ಣನ್ನು ಬಿಟ್ಟು ಬರಬೇಕು. ಆಮೇಲೆ ಬದುಕಿರುವವರೆಗೂ ಅದನ್ನು ಬಾಯಿಗೆ ಹಾಕುವಂತಿಲ್ಲ. ಇಷ್ಟವಾದದ್ದನ್ನೇ ಬಿಡಬೇಕೆಂಬುದು ಹಿರಿಯರ ಮಾತು. ಅತ್ತೆಗೆ ಇಷ್ಟವಾದದ್ದು ಸೀತಾಫಲ. ಅಕ್ಕಿ ಡಬ್ಬದಲ್ಲಿ ಹೂತಿಟ್ಟು, ದಿನಾ ಒತ್ತಿ ನೋಡಿ, ಹಣ್ಣಾದ ದಿನ ಮೂಲೆಯಲ್ಲಿ ಕೂತು ತಿನ್ನುವಾಗ ಯಾರು ಕರೆದರೂ ಓಗೊಡುತ್ತಿರಲಿಲ್ಲ.

“ಬಾಳೆಹಣ್ಣು ಬಿಟ್ಬಿಡಿ ಅತ್ತೆ” ಎಂದೆ.

“ಮಠದಲ್ಲಿ ಪ್ರಸಾದ ಕೊಟ್ರೆ ವಾಪಸ್ ಕೊಡ್ಲೇನೇ?”

“ಮಾವು?”

“ಅದ್ರ ಜೊತೆ ಉಪ್ಪಿನಕಾಯೂ ಹೋಯ್ತದೆ, ಸುಮ್ನಿರು.”

ಹೀಗಿರುವಾಗ ಮೈದುನ ಅಜ್ಜಂಪುರದ ನಮ್ಮ ಮನೆಗೆ ಒಂದು ಬಟ್ಟೆಚೀಲ ತಂದ. ವರ್ಗವಾಗಿ ಹೋದ ಸಾಹೇಬರೊಬ್ಬರು ಕೊಟ್ಟದ್ದಂತೆ. ಒಳಗೆಲ್ಲ ಬಣ್ಣದ ರಟ್ಟಿನ ಚೂರುಗಳು. ಒಂದಕ್ಕೊಂದು ಸಿಕ್ಕಿಸಿದರೆ ಚಿತ್ರವಾಗುತ್ತದೆ ಎಂದ. ಡಬ್ಬ ಕಳೆದುಹೋಗಿತ್ತು, ಹಾಗಾಗಿ ಯಾವ ಚಿತ್ರವೆಂದು ಅವನಿಗೂ ತಿಳಿಯದು.

ನಾನೂ ಅತ್ತೆಯೂ ಮಧ್ಯಾಹ್ನದ ಪಾತ್ರೆ ತೊಳೆದಿಟ್ಟು ಪಡಸಾಲೆಯಲ್ಲಿ ಕೂರುತ್ತಿದ್ದೆವು. ಚೂರುಗಳನ್ನು ಮೊರಕ್ಕೆ ಸುರಿದುಕೊಂಡು, ಅಕ್ಕಿಯಲ್ಲಿ ಕಲ್ಲು ಆರಿಸುವ ಹಾಗೆ ಹಸಿರು ಒಂದು ಕಡೆ, ಹಳದಿ ಒಂದು ಕಡೆ ಮಾಡಿದೆವು. ಮೊದಲು ಎಲೆ ಬಂತು, ಆಮೇಲೆ ನಸುಗೆಂಪು ಹೂವು, ಕೊನೆಗೆ ಹಳದಿ ಹಣ್ಣು. ಮರದ ಬೇರು ಮಣ್ಣಿಲ್ಲದೆ ಗಾಳಿಯಲ್ಲಿ ಇಳಿಬಿದ್ದಿತ್ತು. ಪಕ್ಕದಲ್ಲಿ ಹೆಚ್ಚಿಟ್ಟ ಹಣ್ಣಿನ ಹೋಳು, ಬೀಜ.

“ಒಂದೇ ಕೊಂಬೇಲಿ ಮೊಗ್ಗೂ ಐತೆ, ಹಣ್ಣೂ ಐತೆ! ಇದ್ಯಾವ ಹುಚ್ಚು ಮರನೋ?” ಎಂದು ಅತ್ತೆ ಹಿರಿಮಗನನ್ನು ಕೇಳಿದರು.

ನಮ್ಮ ಯಜಮಾನರು ಹೈಸ್ಕೂಲಿನಲ್ಲಿ ಮೇಷ್ಟ್ರು. ಬಗ್ಗಿ ನೋಡಿ, ಇದು ನಾನೂರು ವರ್ಷದ ಹಿಂದೆ ಯುರೋಪಿನಲ್ಲಿ ವೈದ್ಯದ ಪುಸ್ತಕಕ್ಕೆಂದು ಬರೆದ ಚಿತ್ರದ ಹಾಗಿದೆ, ಗಿಡವನ್ನು ಯಾವ ಕಾಲದಲ್ಲಿ ಕಂಡರೂ ಗುರುತು ಹಿಡಿಯಲೆಂದು ಎಲ್ಲವನ್ನೂ ಒಟ್ಟಿಗೆ ಬರೆಯುತ್ತಿದ್ದರು ಎಂದರು.

“ಹಂಗಾದ್ರೆ ಇದು ಮರ ಅಲ್ಲ ಕಣೋ, ಮರದ ಜಾತಕ” ಎಂದರು ಅತ್ತೆ. ಹಳದಿ ಹಣ್ಣಿನ ಮೇಲೆ ಬೆರಳಾಡಿಸಿ, “ಈ ಹಣ್ಣು ನಮ್ಮ ಕಡೆ ಇಲ್ಲ ಅಲ್ವಾ?” ಎಂದರು.

ಅವರ ಮನಸ್ಸು ನನಗೆ ಅರ್ಥವಾಯಿತು. “ಕಂಡೇ ಇಲ್ದಿರೋದನ್ನ ಬಿಟ್ರೆ ಬಿಟ್ಟಂಗಾಯ್ತದಾ ಅತ್ತೆ?”

“ಬಿಡು ಅಂದೌರೆ. ತಿಂದಿರ್ಬೇಕು ಅಂತ ಯಾರಂದೌರೆ?”

ಆದರೆ ಅದು ನಮ್ಮ ಸೀಬೆಯೇ ಆಗಿದ್ದರೆ? ಪರೀಕ್ಷೆ ಮಾಡಿಯೇಬಿಡೋಣವೆಂದು ಒಂದು ಸೀಬೆ ಹೆಚ್ಚಿ ಚಿತ್ರದ ಪಕ್ಕ ಇಟ್ಟೆವು. ಬೀಜ ಹೊಂದಲಿಲ್ಲ. ಮೈದುನ ಕಡೂರಿನಿಂದ ಸೇಬು ತಂದ. ಆಗೆಲ್ಲ ಕಾಯಿಲೆಯವರಿಗೆ ಮಾತ್ರ ತರುತ್ತಿದ್ದ ಹಣ್ಣು. ಬೀಜವೇನೋ ಹತ್ತಿರ ಬಂತು, ಆದರೆ ಚಿತ್ರದ ಹಣ್ಣಿನ ಮೈಮೇಲೆ ಸಣ್ಣ ರೋಮವಿತ್ತು. ಯಾರಿಗೂ ಕಾಯಿಲೆಯಿಲ್ಲದೆ ಮನೆಯವರೆಲ್ಲ ಸೇಬು ತಿಂದದ್ದು ಅದೇ ಮೊದಲು, ದೇವರ ದಯೆ.

ಚಿತ್ರದ ಅಡಿಯಲ್ಲಿದ್ದ ಅಕ್ಷರ ಕೂಡಿದಾಗ ಯಜಮಾನರು ತಡವರಿಸುತ್ತಾ ‘ಕೊಟೋನಿಯಾ’ ಎಂದು ಓದಿದರು. ಗಂಗೆಯಲ್ಲಿ ಹೆಸರು ಹೇಳಬೇಕಲ್ಲ, ಅತ್ತೆ ಅದನ್ನು ಬಾಯಿಪಾಠ ಮಾಡಿದರು. ಚಿತ್ರ ಮುಗಿದ ಮೇಲೂ ಅದರ ಮುಂದೆ ಕೂರುವುದನ್ನು ಬಿಡಲಿಲ್ಲ. “ಹುಳಿನೋ ಸಿಹಿನೋ? ಬರೆದೋನು ತಿಂದೇ ಬರ್ದಿರ್ತಾನೆ, ಅಲ್ವೇನೇ?” ಎನ್ನುವರು. ನನಗೇನು ಗೊತ್ತು!

ಕಾಶಿಯಲ್ಲಿ ನೀರು ಮಂಜಿನಂತೆ ಕೊರೆಯುತ್ತಿತ್ತು. ಕನ್ನಡ ಬಲ್ಲ ಪುರೋಹಿತರು, “ಯಾವ ಹಣ್ಣು ತಾಯಿ?” ಎಂದು ಕೇಳಿದರು. ಅತ್ತೆ ಬೊಗಸೆಯಲ್ಲಿ ನೀರು ಹಿಡಿದು ಕಣ್ಣು ಮುಚ್ಚಿದರು. ನಾನು ಆ ಹೊಸ ಹೆಸರಿಗಾಗಿ ಕಾದೆ.

“ಸೀತಾಫಲ” ಎಂದರು, ಗಟ್ಟಿಯಾಗಿ.

ಮೆಟ್ಟಿಲ ಮೇಲೆ ಒದ್ದೆ ಸೀರೆ ಹಿಂಡುತ್ತಾ ಕೇಳಿದೆ: “ದೇವರಿಗೆ ಹೆದರಿಬಿಟ್ರಾ ಅತ್ತೆ?”

“ಹೆದ್ರಿಕೆ ಏನು ಬಂತು? ಸೀತಾಫಲ ಹಲ್ಲು ಬಂದಾಗಿಂದ ತಿಂದಿದೀನಿ. ಆ ಚಿತ್ರದ ಹಣ್ಣನ್ನ ಬಿಟ್ಟಿದ್ರೆ, ನಾಳೆ ಎಲ್ಲಾದ್ರೂ ಸಿಕ್ಕಿದಾಗ ರುಚಿ ನೋಡೋದು ಹೆಂಗೆ?”

ನನಗೆ ನಗುವೂ ಬಂತು, ಕಣ್ಣೀರೂ ಬಂತು. ಇಷ್ಟವಾದದ್ದನ್ನು ಬಿಡಿ ಎಂಬ ಹಿರಿಯರ ಮಾತೂ ಉಳಿಯಿತು.

ಹಿಂದಿರುಗುವಾಗ ರೈಲಿನಲ್ಲಿ ಎದುರು ಸೀಟಿಗೆ ಕಾಶ್ಮೀರದ ಶಾಲು ವ್ಯಾಪಾರಿಯೊಬ್ಬ ಬಂದು ಕೂತ. ಅತ್ತೆ ಸುಮ್ಮನಿದ್ದಾರೆಯೇ? ಹಳದಿ, ರೋಮ, ನಸುಗೆಂಪು ಹೂವು, ಬೀಜ ಎಲ್ಲವನ್ನೂ ಕೈಯಲ್ಲೇ ಬರೆದು ತೋರಿಸಿದರು. ಮೈದುನ ತನಗೆ ಬಂದಷ್ಟು ಹಿಂದಿಯಲ್ಲಿ ಹೇಳಿದ. ಆತ ತಲೆದೂಗಿ ನಕ್ಕ. ಅಂಥದ್ದೊಂದು ಅವನ ಊರಿನಲ್ಲಿದೆಯಂತೆ. ಹಸಿಯಾಗಿ ತಿಂದರೆ ಬಾಯಿ ಒಗರು, ಅದಕ್ಕೇ ಬದನೆಕಾಯಿ ಜೊತೆ ಹಾಕಿ ಬೇಯಿಸುತ್ತಾರಂತೆ.

ಮೈದುನ ಬಿದ್ದು ಬಿದ್ದು ನಕ್ಕ. “ನೋಡವ್ವ, ಬದನೆಕಾಯಿ ಪಲ್ಯಕ್ಕೋಸ್ಕರ ಸೀತಾಫಲ ಬಿಟ್ಬಂದೆ!”

ಅತ್ತೆ ನಗಲಿಲ್ಲ. ಸೀಟಿನ ತುದಿಗೆ ಸರಿದು ಕೂತು, “ನಗೋದು ಆಮೇಲೆ ನಗುವಂತೆ, ಮೊದ್ಲು ಕೇಳೋ,” ಎಂದರು, “ಒಗ್ಗರಣೆಗೆ ಏನ್ ಹಾಕ್ತಾರಂತೆ?”