ಮೂವತ್ತೊಂದು ಗುಂಡಿಗಳ ಸಾಕ್ಷಿ

ಬೆಳಗಿನ ಐದೂವರೆ. ಕುರುಬರಹಳ್ಳಿಯ ಅಡ್ಡರಸ್ತೆಯೊಂದರಲ್ಲಿ ಮರಿಯಪ್ಪ ವಾಲ್ವ್ ಗುಂಡಿಯ ಮುಚ್ಚಳ ಸರಿಸಿ, ಅದನ್ನು ತಿರುಗಿಸುವ ಕಬ್ಬಿಣದ ಉದ್ದ ಕೀಯನ್ನು ಪಕ್ಕಕ್ಕಿಟ್ಟು, ಮೊಬೈಲ್ ಬೆಳಕಿನಲ್ಲಿ ಒಳಗೆ ಇಣುಕುತ್ತಿದ್ದಾರೆ. ಎದುರು ಮನೆಯ ಮಹಡಿಯಿಂದ ಯಶೋದಮ್ಮ ಕೂಗುತ್ತಾರೆ: "ನೀರು ಬಿಡೋದ್ ಬಿಟ್ಟು ಇರುವೆಗೆ ಪೂಜೆ ಮಾಡ್ತಾ ಕೂತ್ರೇನಪ್ಪಾ?"

"ಬಂತು ಕಣಮ್ಮ, ಬಿಂದಿಗೆ ಇಡಿ!"

ಮರಿಯಪ್ಪನವರಿಗೆ ಐವತ್ತಾರು ವರ್ಷ. ಇಪ್ಪತ್ತೆರಡು ವರ್ಷಗಳಿಂದ ಗುತ್ತಿಗೆಯ ಮೇಲೆ ನೀರು ಬಿಡುವ ಕೆಲಸ. ಅವರ ಪಾಲಿಗೆ ನೂರ ಹದಿನೆಂಟು ಗುಂಡಿಗಳು. ಬಗ್ಗಿ ಬಗ್ಗಿ ಸೊಂಟ ಹಿಡಿದಿದೆ. "ನೀರು ಬಂದ್ರೆ ಯಾರೂ ನನ್ ಹೆಸ್ರು ಕೇಳಲ್ಲ. ಬರ್ದಿದ್ರೆ ಎಲ್ರಿಗೂ ನೆನಪಾಗತ್ತೆ."

ಕಳೆದ ವರ್ಷ, ಇರುವೆಗಳ ಮೇಲೆ ಸಂಶೋಧನೆ ಮಾಡುವ ಸ್ಪಂದನ ಒಂದು ಸಹಾಯ ಕೇಳಿದರು. ಯಾವ ಗುಂಡಿಯಲ್ಲಿ ಯಾವ ಇರುವೆ ಕಂಡಿತೆಂದು ಫೋನಿನ ನಕ್ಷೆಯಲ್ಲಿ ಗುರುತು ಹಾಕಬೇಕು. ಮರಿಯಪ್ಪ ಹತ್ತು ತಿಂಗಳು ಹಾಕಿದರು. ದಪ್ಪ ಕಪ್ಪು ಇರುವೆ, ಗೊದ್ದ, ಎಪ್ಪತ್ತು ಗುಂಡಿಗಳಲ್ಲಿತ್ತು. ಮಿರುಗುವ ಕಂದು ಬಣ್ಣದ ಪುಟ್ಟ ಇರುವೆ ಮೂವತ್ತೊಂದರಲ್ಲಿ. ಆ ಮೂವತ್ತೊಂದರಲ್ಲೂ ಗೊದ್ದವಿತ್ತು. ಗೊದ್ದವಿಲ್ಲದ ಕಡೆ ಪುಟ್ಟದ್ದು ಒಂದೂ ಇಲ್ಲ.

"ಸಣ್ಣದು ದೊಡ್ಡದರ ಮನೇಲಿ ಬಿಟ್ಟಿ ಊಟ ಮಾಡ್ತಿದೆ ಕಣಮ್ಮ," ಎಂದು ಮರಿಯಪ್ಪ ಸ್ಪಂದನ ಅವರಿಗೆ ಹೇಳಿದರು.

ಸ್ಪಂದನ ಅವರ ಮಾರ್ಗದರ್ಶಕರು ಒಪ್ಪಲಿಲ್ಲ. ಎರಡಕ್ಕೂ ತೇವ ಇಷ್ಟ, ಅದಕ್ಕೇ ಒಂದೇ ಕಡೆ ಇವೆ ಎಂದರು. ಹತ್ತು ತಿಂಗಳ ಕೆಲಸ ಅಲ್ಲಿಗೇ ಮುಗಿಯುವುದರಲ್ಲಿತ್ತು. ಮರಿಯಪ್ಪ ಕೆಲಸ ಮುಗಿಸಿ, ಕೆಂಗೇರಿ ಬಸ್ ಹತ್ತಿ, ವಿಶ್ವವಿದ್ಯಾಲಯದಲ್ಲಿ ನೇರ ಆ ಮಾರ್ಗದರ್ಶಕರ ಕೊಠಡಿಗೇ ಹೋದರು.

"ಯಾವ ಗುಂಡಿ ಲೀಕು, ಯಾವ್ದು ಒಣಗಿದೆ ಅಂತ ನನಗಿಂತ ಯಾರಿಗ್ ಗೊತ್ತು ಸಾರ್? ಬರ್ಕೊಳ್ಳಿ."

ಬರೆದುಕೊಂಡರು. ಪುಟ್ಟ ಇರುವೆಯ ಮೂವತ್ತೊಂದು ಗುಂಡಿಗಳಲ್ಲಿ ಹದಿನೆಂಟು ಒಣಗಿದವು. ಸೋರುತ್ತಿದ್ದರೂ ಗೊದ್ದವಿಲ್ಲದ ಗುಂಡಿಗಳು ಇಪ್ಪತ್ತಾರು, ಅಲ್ಲೆಲ್ಲೂ ಪುಟ್ಟದ್ದಿಲ್ಲ. ತೇವದ ವಾದ ಬಿದ್ದುಹೋಯಿತು.

ಫೆಬ್ರವರಿಯಲ್ಲಿ ಮೂವರೂ ಸೇರಿ ಒಂದು ಗುಂಡಿಯ ಬದಿಯನ್ನು ಅಗೆದು ನೋಡಿದರು. ಗೊದ್ದದ ಗೂಡಿನೊಳಗೆ, ಅದರ ಮೊಟ್ಟೆಗಳ ನಡುವೆಯೇ, ಪುಟ್ಟದರ ಮೊಟ್ಟೆಗಳು. ಗೊದ್ದವೊಂದು ಬಾಗಿ ಪುಟ್ಟ ಇರುವೆಯ ಬಾಯಿಗೆ ಉಣಿಸುತ್ತಿತ್ತು. "ಸಾರ್ ನನ್ ಕೈ ಕುಲುಕಿದ್ರು. ಇಬ್ರ ಕೈಯೂ ಮಣ್ಣು," ಎಂದು ಮರಿಯಪ್ಪ ನಗುತ್ತಾರೆ.

ಪ್ರಕಟವಾದ ಸಂಶೋಧನಾ ಲೇಖನದಲ್ಲಿ ಎರಡನೆಯ ಹೆಸರು ಅವರದು. ಇಂಗ್ಲಿಷ್ ಓದಲು ಬಾರದು. ಕೊನೆಯ ಪುಟದ ಪಟ್ಟಿಯನ್ನು ಮಾತ್ರ ಬೆರಳಿಟ್ಟು ತೋರಿಸುತ್ತಾರೆ: ನೂರ ಹದಿನೆಂಟು ಗುಂಡಿ, ಅವರೇ ಕೊಟ್ಟ ನಂಬರು, ಸೋರುವುದು ಯಾವುದು, ಒಣಗಿದ್ದು ಯಾವುದು.

"ಇದಿಷ್ಟೂ ನನ್ ತಲೇಲಿ ಮಾತ್ರ ಇತ್ತು. ನಾಳೆ ನಾನ್ ಕೆಲ್ಸಕ್ಕೆ ಬರ್ದೇ ಇದ್ರೂ, ಇನ್ನೊಬ್ಬ ಇದನ್ನ ಹಿಡ್ಕೊಂಡು ನೀರು ಬಿಡ್ಬೋದು."